ಕೆಳದವಡೆ ಹಲ್ಲು ಕೀಳಿಸಿ ಐದು ತಿಂಗಳಾಯ್ತು, ಬ್ರಿಡ್ಜ್ ಹಾಕಿಸಲೋ ಬೇಡವೋ?

ತೋಟದಂಚು, ಶಿರಸಿ:

ಎಲ್ಲರಿಗೂ ನಮಸ್ಕಾರ. ನನ್ನದೊಂದು ಹಲ್ಲಿನ ಪುರಾಣ. ಓದಿ ಬೈದರೂ ಅಡ್ಡಿಲ್ಲ, ಒಂದು ದಾರಿ ಹೇಳಿ.

ಅಡಿಕೆ ಕೊನೆ ಕೊಯ್ಲು ಶುರುವಾಗುವ ಹೊತ್ತಿನ ಮಾತು. ರಾತ್ರಿ ಊಟ ಮುಗಿಸಿ ಕವಳದ, ಅಂದರೆ ಎಲೆ ಅಡಿಕೆಯ, ಬಟ್ಟಲು ಎಳೆದುಕೊಂಡೆ. ಅಡಕತ್ತರಿ ಸಿಗಲಿಲ್ಲ. ಎದ್ದು ಹುಡುಕುವ ಸೋಮಾರಿತನಕ್ಕೆ ಚಾಲಿ ಅಡಿಕೆಯನ್ನು ಹಲ್ಲಲ್ಲೇ ಒಡೆಯಲು ಹೋದೆ. ಟಕ್ ಎಂದಿತು. ಅಡಿಕೆ ಒಡೆಯಿತು ಅಂದುಕೊಂಡೆ. ಒಡೆದದ್ದು ಹಲ್ಲು. ಬಲಗಡೆ ಕೆಳದವಡೆಯ ಮೊದಲ ದೊಡ್ಡ ಹಲ್ಲು, ಬೇರಿನ ತನಕ ಸೀಳಿತ್ತು. ಉಳಿಸಲು ಬರುವುದಿಲ್ಲ ಎಂದು ಡಾಕ್ಟರು ಕಿತ್ತರು.

ಆಮೇಲೆ ಕೊಯ್ಲು, ಸುಲಿತ, ಒಣಗಿಸುವುದು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಸಿಗುವುದೇ ಕಷ್ಟ. ಅವನು ಬಂದ ದಿನ ನಾನು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ಕಳೆದು ಕೂತರೆ ತೋಟ ನೋಡುವವರು ಯಾರು? ಹೀಗೇ ಐದು ತಿಂಗಳು ಹೋಯ್ತು.

ಈಗ ಒಬ್ಬರು ಡಾಕ್ಟರು ಮೂರು ಯೂನಿಟ್ ಬ್ರಿಡ್ಜ್ ಹಾಕೋಣ ಎಂದಿದ್ದಾರೆ, ಅಂದರೆ ಅಕ್ಕಪಕ್ಕದ ಎರಡು ಹಲ್ಲಿಗೆ ಕ್ಯಾಪ್, ಅವುಗಳ ಆಸರೆಯಲ್ಲಿ ನಡುವೆ ಒಂದು ಸುಳ್ಳು ಹಲ್ಲು. ಪಿಎಫ್‌ಎಂ (ಲೋಹದ ಮೇಲೆ ಪಿಂಗಾಣಿ), ಯೂನಿಟ್‌ಗೆ 4,500. ಎರಡು ವಾರದ ಕೆಲಸವಂತೆ. ಇನ್ನೊಬ್ಬರು ಮೂಳೆಗೆ ಸ್ಕ್ರೂ ಕೂರಿಸುವ ಇಂಪ್ಲಾಂಟೇ ಒಳ್ಳೆಯದು ಎಂದು 35,000 ಹೇಳಿದರು. ಬ್ರಿಡ್ಜ್‌ಗೆ ಅಕ್ಕಪಕ್ಕದ ಎರಡೂ ಹಲ್ಲುಗಳನ್ನು ಸವೆಸಬೇಕಂತೆ. ಮುಂದಿನದು ಏನೂ ಆಗದ ಗಟ್ಟಿ ಹಲ್ಲು. ಹಿಂದಿನದಕ್ಕೆ ಹತ್ತು ವರ್ಷದ ಹಿಂದೆ ದೊಡ್ಡದಾಗಿ ಬೆಳ್ಳಿ ಫಿಲ್ಲಿಂಗ್ ಮಾಡಿದ್ದಾರೆ. ಇಲ್ಲದ ಹಲ್ಲಿಗಾಗಿ ಇರುವ ಹಲ್ಲನ್ನು ಕೊಯ್ಯುವುದು ಯಾವ ನ್ಯಾಯ?

ನೋವಿಲ್ಲ. ಎಡಗಡೆ ಅಗಿದು ಉಣ್ಣುತ್ತಿದ್ದೇನೆ. ಹೀಗೇ ಬಿಟ್ಟರೆ ಆಗುತ್ತದಾ?

ಅಂಕೋಲೆ ಅಕ್ಕ:

ಹೀಗೇ ಬಿಡಬೇಡಿ ತಮ್ಮಾ. ನಾನು ಹನ್ನೆರಡು ವರ್ಷ ಬಿಟ್ಟು ಅನುಭವಿಸುತ್ತಿದ್ದೇನೆ.

ನನಗೂ ನೋವಿರಲಿಲ್ಲ. ಅದೇ ಮೋಸ. ಕೆಳಗೆ ಜಾಗ ಖಾಲಿಯಾದರೆ ಮೇಲಿನ ಹಲ್ಲಿಗೆ ತಡೆ ಇರುವುದಿಲ್ಲ, ಅದು ನಿಧಾನಕ್ಕೆ ಇಳಿಯುತ್ತಾ ಬರುತ್ತದೆ. ನನ್ನದು ಈಗ ಕೆಳಗಿನ ಒಸಡಿಗೇ ತಾಗುತ್ತಿದೆ. ಹಿಂದಿನ ಹಲ್ಲು ಗಾಳಿಗೆ ವಾಲಿದ ತೆಂಗಿನ ಮರದ ಹಾಗೆ ಮುಂದಕ್ಕೆ ಬಾಗಿದೆ. ಆ ಸಂದಿಯಲ್ಲಿ ಬಂಗಡೆಯ ಮುಳ್ಳು ಸಿಕ್ಕಿಕೊಂಡರೆ ಅರ್ಧ ಗಂಟೆ ಕನ್ನಡಿ ಮುಂದೆ ನಿಲ್ಲಬೇಕು. ಈಗ ಏನು ಹಾಕಿಸುವುದಿದ್ದರೂ ಮೊದಲು ಮೇಲಿನ ಹಲ್ಲಿಗೆ ರೂಟ್ ಕೆನಾಲ್ ಮಾಡಿ, ಅಂದರೆ ಒಳಗಿನ ನರ ತೆಗೆದು, ಗಿಡ್ಡ ಮಾಡಬೇಕಂತೆ. ಒಂದು ಹಲ್ಲಿನ ಖರ್ಚು ಮೂರು ಹಲ್ಲಿಗೆ ಬಂತು.

ಕಾಳಿದಂಡೆ, ಕಾರವಾರ:

ನಮ್ಮೂರಲ್ಲಿ ಬ್ರಿಡ್ಜ್ ಎಂಬ ಶಬ್ದಕ್ಕೇ ಈಗ ಜನ ಬೆಚ್ಚುತ್ತಾರೆ ಮಾರಾಯ್ರೇ. 2024ರ ಆಗಸ್ಟ್ 7ರ ನಡುರಾತ್ರಿ ಹಳೇ ಕಾಳಿ ಸೇತುವೆ ಕುಸಿದು ಲಾರಿ ಹೊಳೆಗೆ ಬಿತ್ತಲ್ಲ, ಅದರ ಹಿಂದಿನ ಸಂಜೆ ನಾನು ಅದೇ ಸೇತುವೆ ಮೇಲೆ ಬೈಕಿನಲ್ಲಿ ಮನೆಗೆ ಬಂದಿದ್ದೆ.

ನನ್ನ ಬಾಯಲ್ಲಿದ್ದ ಬ್ರಿಡ್ಜ್ ಕಥೆಯೂ ಹೆಚ್ಚುಕಡಿಮೆ ಅದೇ. ಎಡಗಡೆ ಮೇಲ್ದವಡೆ, ಒಂಬತ್ತು ವರ್ಷ ಬಂತು. ಹೊರಗಿಂದ ಫಳಫಳ. ನೋವಿಲ್ಲ, ಅಲುಗಾಟವಿಲ್ಲ. ಕಡೆಗೆ ಹೆಂಡತಿ, ನಿಮ್ಮ ಬಾಯಿ ಯಾಕೋ ವಾಸನೆ ಎಂದಳು. ಮೀನು ತಿಂದಿದ್ದೀನಲ್ಲ ಎಂದು ನಕ್ಕು ಬಿಟ್ಟೆ. ಅದು ನಿಲ್ಲಲೇ ಇಲ್ಲ.

ಡಾಕ್ಟರು ಬ್ರಿಡ್ಜಿನ ಅಡಿಗೆ ಒಂದು ಕೊಕ್ಕೆ ಸಿಗಿಸಿ ಮೆಲ್ಲಗೆ ಆಡಿಸಿದರು, ಆಮೇಲೆ ನನ್ನ ಕೈಗೇ ಕನ್ನಡಿ ಕೊಟ್ಟರು. ಮುಂದಿನ ಹಲ್ಲಿನ ಅಂಚಿನಲ್ಲಿ ಎಂಜಲಿನ ಸಣ್ಣ ಸಣ್ಣ ಗುಳ್ಳೆ ಬರುತ್ತಿತ್ತು. ಅಲ್ಲಿ ಸಿಮೆಂಟ್ ಯಾವತ್ತೋ ಬಿಟ್ಟುಹೋಗಿತ್ತು. ಹಿಂದಿನ ಹಲ್ಲು ಗಟ್ಟಿಯಾಗಿ ಹಿಡಿದುಕೊಂಡಿದ್ದರಿಂದ ಬ್ರಿಡ್ಜ್ ಉದುರಲಿಲ್ಲ. ಉದುರಿದ್ದರೆ ಆಗಲೇ ಗೊತ್ತಾಗುತ್ತಿತ್ತು! ರೂಟ್ ಕೆನಾಲ್ ಆದ ಹಲ್ಲು, ಹಾಗಾಗಿ ನೋವೂ ಇಲ್ಲ. ಕೊರೆದು ತೆಗೆದಾಗ ಒಳಗಿನ ಮೊಂಡು ಕಪ್ಪಾಗಿತ್ತು. ಡಾಕ್ಟರು ಸೂಜಿ ತಾಗಿಸಿದರೆ ಕಳಿತ ಬಾಳೆಹಣ್ಣಿಗೆ ಕಡ್ಡಿ ಚುಚ್ಚಿದ ಹಾಗೆ ಒಳಗೆ ಹೋಯ್ತು. ಆ ಹಲ್ಲನ್ನೂ ಕಿತ್ತರು.

ಒಂದು ಹಲ್ಲು ಇಲ್ಲ ಎಂದು ಹೋದವನಿಗೆ ಈಗ ಎರಡಿಲ್ಲ.

ಹೊನ್ನಾವರ ಮೇಷ್ಟ್ರು:

ಸುಮ್ನೆ ಜನರನ್ನು ಹೆದರಿಸಬೇಡಿ. ನನ್ನ ಬ್ರಿಡ್ಜ್‌ಗೆ ಹದಿನೇಳು ವರ್ಷ. ನಿವೃತ್ತನಾಗುವ ಮೊದಲು ಹಾಕಿಸಿದ್ದು. ಇವತ್ತಿಗೂ ಚಕ್ಕುಲಿ ಕಡಿಯುತ್ತೇನೆ. ದಿನಕ್ಕೆ ಎರಡು ಸಲ ಸರಿಯಾಗಿ ಹಲ್ಲುಜ್ಜುವವನಿಗೆ ಏನೂ ಆಗುವುದಿಲ್ಲ.

ಕಾಳಿದಂಡೆ, ಕಾರವಾರ:

ಮೇಷ್ಟ್ರೇ, ನಾನೂ ಎರಡು ಸಲ ಉಜ್ಜುತ್ತಿದ್ದೆ. ಬ್ರಿಡ್ಜಿನ ಅಡಿಗೆ ಬ್ರಷ್ ಹೋಗುವುದಿಲ್ಲ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಹೇಳಿದ್ದರೋ, ನಾನು ಕೇಳಿಸಿಕೊಳ್ಳಲಿಲ್ಲವೋ.

ಹಲ್ಲಿನ ಡಾಕ್ಟರಮ್ಮ, ಕುಮಟಾ:

ಎಕ್ಸ್‌ರೇ ನೋಡದೆ ನಾನು ತೀರ್ಪು ಕೊಡುವುದಿಲ್ಲ. ಆದರೆ ಒಂದು ಮಾತು. ಎಲ್ಲರೂ ಖಾಲಿ ಜಾಗದ ಬಗ್ಗೆಯೇ ಕೇಳುತ್ತೀರಿ. ಬ್ರಿಡ್ಜ್ ನಿಲ್ಲುವುದು ಖಾಲಿ ಜಾಗದ ಮೇಲಲ್ಲ, ಪಕ್ಕದ ಎರಡು ಹಲ್ಲುಗಳ ಮೇಲೆ. ಮೂರು ಹಲ್ಲಿನ ಭಾರ ಎರಡು ಹಲ್ಲಿನ ಬೇರಿಗೆ ಬೀಳುತ್ತದೆ. ಆದ್ದರಿಂದ ಮೊದಲು ಕೇಳಬೇಕಾದದ್ದು ಆ ಎರಡು ಹಲ್ಲು ಹೇಗಿವೆ ಅಂತ.

ತೋಟದಂಚು ಅವರೇ, ನಿಮ್ಮ ಸಿಟ್ಟು ನ್ಯಾಯವೇ. ಕ್ಯಾಪ್ ಕೂರಿಸಲು ಹಲ್ಲನ್ನು ಅಗಿಯುವ ಮೈಯಲ್ಲಿ ಒಂದೂವರೆಯಿಂದ ಎರಡು ಮಿಲಿಮೀಟರ್ ತೆಗೆಯುತ್ತೇವೆ. ಸುತ್ತಲೂ ತೆಗೆಯುತ್ತೇವೆ. ಹಲ್ಲಿನ ಮೇಲಿನ ಗಟ್ಟಿ ಪದರ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಎರಡೂ ಕಡೆ ಮುಟ್ಟದ ಗಟ್ಟಿ ಹಲ್ಲುಗಳಿದ್ದರೆ ನಾನು ಮೊದಲು ಇಂಪ್ಲಾಂಟ್ ಬಗ್ಗೆಯೇ ಮಾತಾಡುತ್ತೇನೆ. ಅದು ಯಾರ ಹೆಗಲನ್ನೂ ಕೇಳುವುದಿಲ್ಲ. ಆದರೆ ನಿಮ್ಮ ಹಿಂದಿನ ಹಲ್ಲಿನಲ್ಲಿ ದೊಡ್ಡ ಫಿಲ್ಲಿಂಗ್ ಇದೆ ಎಂದಿರಿ. ಅಂಥ ಹಲ್ಲಿಗೆ ಇವತ್ತಲ್ಲ ನಾಳೆ ಕ್ಯಾಪ್ ಬೇಕಾಗಬಹುದು. ಹಾಗಿದ್ದರೆ ಬ್ರಿಡ್ಜ್‌ನಿಂದ ನೀವು ಕಳೆದುಕೊಳ್ಳುವುದು ಒಂದು ಹಲ್ಲಿನ ಮೈ, ಎರಡರದ್ದಲ್ಲ. ಲೆಕ್ಕ ಬದಲಾಗುತ್ತದೆ ಅಲ್ವಾ?

ಇಂಪ್ಲಾಂಟ್ ಎಂದರೆ ದವಡೆ ಮೂಳೆಗೆ ಟೈಟಾನಿಯಂ ಸ್ಕ್ರೂ. ಮೂಳೆ ಅದನ್ನು ಹಿಡಿದುಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಾಯಬೇಕು. ಹಲ್ಲು ಕಿತ್ತ ಜಾಗದ ಮೂಳೆ ಮೊದಲ ವರ್ಷದಲ್ಲೇ ಜಾಸ್ತಿ ಕರಗುತ್ತದೆ, ಹಾಗಾಗಿ ಇನ್ನೆರಡು ಅಡಿಕೆ ಕೊಯ್ಲು ಮುಗಿಯಲಿ ಎಂದು ಕೂರಬೇಡಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ, ಬೀಡಿ ಸಿಗರೇಟಿದ್ದರೆ, ಒಸಡಿನ ಕಾಯಿಲೆ ಇದ್ದರೆ ಮೊದಲು ಅದನ್ನು ಸರಿಮಾಡಬೇಕು. ಒಸಡಿನ ಮಾತು ಬ್ರಿಡ್ಜ್‌ಗೂ ಅಷ್ಟೇ. ಅಲುಗಾಡುವ ಕಂಬಕ್ಕೆ ತೊಲೆ ಇಡುವುದಿಲ್ಲವಲ್ಲ.

ಇನ್ನೊಂದು. ದಿನಕ್ಕೆ ಎಷ್ಟು ಕವಳ? ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಬರುವಂತೆ ನಿಲ್ಲಿಸಿ ಬಾಯೊಳಗೆ ಹೋಗುತ್ತದಾ ನೋಡಿ ತಿಳಿಸಿ.

ತೋಟದಂಚು, ಶಿರಸಿ:

ಡಾಕ್ಟರಮ್ಮಾ, ಎರಡು ಬೆರಳು ಸಲೀಸಾಗಿ ಹೋಗುತ್ತದೆ. ಮೂರನೆಯದು ಗುದ್ದಾಡಿದರೆ ಅರ್ಧ. ನನ್ನ ಬೆರಳು ದಪ್ಪ ಇರಬೇಕು.

ಕವಳ ದಿನಕ್ಕೆ ಆರೋ ಏಳೋ. ತಂಬಾಕಿಲ್ಲ. ಬರೀ ಎಲೆ, ಅಡಿಕೆ, ಸುಣ್ಣ. ನಮ್ಮ ತೋಟದ್ದೇ, ಔಷಧಿ ಗಿವಷಧಿ ಇಲ್ಲದ್ದು.

ಹಲ್ಲಿನ ಡಾಕ್ಟರಮ್ಮ, ಕುಮಟಾ:

ಬೆರಳು ದಪ್ಪ ಎಂದು ನನ್ನ ಹತ್ತಿರ ಬರುವವರೆಲ್ಲ ಹೇಳುತ್ತಾರೆ. ನಾನೂ ಅಡಿಕೆ ತೋಟದ ಮನೆಯವಳೇ, ಬೇಸರ ಮಾಡಿಕೊಳ್ಳಬೇಡಿ. ತಂಬಾಕಿಲ್ಲದೆ ಬರೀ ಅಡಿಕೆ ಅಗಿದರೂ ಕೆನ್ನೆಯ ಒಳಗಿನ ಚರ್ಮ ಬಿಗಿದು ಗಟ್ಟಿಯಾಗುತ್ತದೆ. ಬಾಯಿ ತೆರೆಯುವುದು ಕಡಿಮೆಯಾಗುತ್ತಾ ಹೋಗುತ್ತದೆ. ಖಾರ ತಿಂದರೆ ಉರಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬ್ರಿಡ್ಜೋ ಇಂಪ್ಲಾಂಟೋ ಆಮೇಲೆ. ಮೊದಲು ಕೆನ್ನೆಯ ಒಳಗೆ ಯಾರಾದರೂ ಬೆರಳಿಟ್ಟು ನೋಡಲಿ. ಕೆಲಸದ ಮಟ್ಟಿಗೂ ಇದು ಮುಖ್ಯ. ಬಾಯಿ ಸರಿಯಾಗಿ ತೆರೆಯದಿದ್ದರೆ ಹಿಂದಿನ ಹಲ್ಲಿಗೆ ನಮ್ಮ ಡ್ರಿಲ್ಲೇ ಹೋಗುವುದಿಲ್ಲ.

ಚಂಡೆಪೆಟ್ಟು, ಸಿದ್ದಾಪುರ:

ಗಂಭೀರ ಆಯ್ತು. ನನ್ನ ಕಥೆ ಕೇಳಿ, ಸ್ವಲ್ಪ ನಗಿ.

ತಾಳಮದ್ದಳೆಯಲ್ಲಿ ಅರ್ಥ ಹೇಳುವ ಚಟ ನನಗೆ. ಮಳೆಗಾಲದಲ್ಲಿ ಬೈಕು ಜಾರಿ ಮೇಲಿನ ಮುಂದಿನ ಹಲ್ಲೊಂದು ಹೋಯ್ತು. ಎಂಟು ದಿನಕ್ಕೆ ಕೃಷ್ಣನ ಅರ್ಥ ಒಪ್ಪಿಕೊಂಡಿದ್ದೆ. ಬಿಡಲು ಮನಸ್ಸಾಗಲಿಲ್ಲ. ಕೂತು ಬಾಯಿಬಿಟ್ಟರೆ ಸಕಾರ ಬಂದಲ್ಲೆಲ್ಲ ಸಿಳ್ಳೆ. ಸಿಂಹಾಸನ ಎನ್ನುವ ಶಬ್ದದಲ್ಲಿ ಎರಡು ಸಿಳ್ಳೆ. ಎದುರಿಗೆ ಕೂತ ಕೌರವ ಬಿಡುತ್ತಾನಾ? "ಕೊಳಲು ಮನೆಯಲ್ಲೇ ಮರೆತು ಬಂದೆಯೋ ಕೃಷ್ಣಾ, ಬಾಯಲ್ಲೇ ಊದುತ್ತಿದ್ದೀಯಲ್ಲ!" ಎಂದ. ಸಭೆ ಹತ್ತು ನಿಮಿಷ ನಕ್ಕಿತು. ಭಾಗವತರು ಪದ ಎತ್ತಲಾಗದೆ ಮುಖ ಮುಚ್ಚಿಕೊಂಡರು.

ನನಗೆ ಹಾಕಿದ್ದು ಮೇರಿಲ್ಯಾಂಡ್ ಬ್ರಿಡ್ಜ್. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡದ್ದಕ್ಕೆ ಆ ಹೆಸರಂತೆ. ಸುಳ್ಳು ಹಲ್ಲಿಗೆ ತೆಳುವಾದ ರೆಕ್ಕೆ ಇರುತ್ತದೆ. ಪಕ್ಕದ ಹಲ್ಲಿನ ಬೆನ್ನಿಗೆ ಅದನ್ನು ಅಂಟಿಸುತ್ತಾರೆ. ಹಲ್ಲು ಕೊರೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಒಂದು ಸಲ ಕಿತ್ತು ಬಂತು, ಅದೂ ಕಬ್ಬು ಸಿಗಿಯಲು ಹೋಗಿ. ಮತ್ತೆ ಅಂಟಿಸಿದರು. ತೋಟದಂಚು ಅವರೇ, ನಿಮಗೆ ಇದು ಆಗುವುದಿಲ್ಲವೇನೋ. ದವಡೆ ಹಲ್ಲಿನ ಜಗಿತಕ್ಕೆ ಆ ರೆಕ್ಕೆ ತಡೆಯುವುದಿಲ್ಲ ಎಂದಿದ್ದರು.

ಪೇಟೆಕೆರೆ, ಮುಂಡಗೋಡ:

ಏನೇ ಮಾಡಿ, ಓದಿದವರ ಹತ್ತಿರ ಮಾಡಿಸಿ. ನಮ್ಮ ಚಿಕ್ಕಪ್ಪ ಯಾವುದೋ ಜಾತ್ರೆಯಲ್ಲಿ ಚಾಪೆ ಹಾಸಿ ಕೂತವನ ಹತ್ತಿರ ಅರ್ಧ ಗಂಟೆಯಲ್ಲಿ "ಫಿಕ್ಸ್ ಹಲ್ಲು" ಹಾಕಿಸಿಕೊಂಡು ಬಂದರು. ಪಕ್ಕದ ಹಲ್ಲಿಗೆ ತಂತಿ ಸುತ್ತಿ, ಒಸಡಿನ ಮೇಲೇ ಗುಲಾಬಿ ಪ್ಲಾಸ್ಟಿಕ್ ಮೆತ್ತಿದ್ದ. ಆರು ತಿಂಗಳಿಗೆ ಕೀವು. ತಂತಿ ಕಟ್ಟಿದ ಎರಡು ಹಲ್ಲೂ ಅಲುಗಾಡಿ ಹೋದವು.

ಅಂದ ಹಾಗೆ, ಸರ್ಕಾರದ್ದು ದಂತಭಾಗ್ಯ ಅಂತ ಇದೆಯಲ್ಲ, ಅದರಲ್ಲಿ ಬ್ರಿಡ್ಜ್ ಹಾಕುತ್ತಾರಾ?

ಹಲ್ಲಿನ ಡಾಕ್ಟರಮ್ಮ, ಕುಮಟಾ:

ಇಲ್ಲ. ಅದು ಬಿಪಿಎಲ್ ಕುಟುಂಬದ ಹಿರಿಯರಿಗೆ ಹಲ್ಲಿನ ಸೆಟ್ ಕೊಡಲು ಮಾಡಿದ ಯೋಜನೆ. ಕಡಿಮೆ ಖರ್ಚಿನಲ್ಲಿ ಬ್ರಿಡ್ಜ್ ಬೇಕಿದ್ದರೆ ಡೆಂಟಲ್ ಕಾಲೇಜಿಗೆ ಹೋಗಿ. ಘಟ್ಟದ ಮೇಲಿನವರಿಗೆ ಧಾರವಾಡದ ಸತ್ತೂರು ಹತ್ತಿರ, ಭಟ್ಕಳದ ಕಡೆಯವರಿಗೆ ಮಣಿಪಾಲ. ಅಲ್ಲಿ ಓದುತ್ತಿರುವವರು ಕೆಲಸ ಮಾಡುತ್ತಾರೆ, ಹಿಂದೆ ಪ್ರೊಫೆಸರ್ ನಿಂತಿರುತ್ತಾರೆ. ಸುತ್ತಾಟ ಮಾತ್ರ ಜಾಸ್ತಿ.

ಲ್ಯಾಬ್ ಹುಡುಗ, ಹಳಿಯಾಳ:

ನಾನು ಹುಬ್ಬಳ್ಳಿಯ ಒಂದು ಲ್ಯಾಬಿನಲ್ಲಿ ಎಂಟು ವರ್ಷದಿಂದ ಹಲ್ಲು ಮಾಡುತ್ತಿದ್ದೇನೆ. ನಿಮ್ಮ ಬಾಯಿ ನಾವು ನೋಡುವುದಿಲ್ಲ, ಅಳತೆ ನೋಡುತ್ತೇವೆ. ಸಂಜೆ ಬಸ್ಸಿನಲ್ಲಿ ರಟ್ಟಿನ ಡಬ್ಬಿ ಬರುತ್ತದೆ. ಅದರೊಳಗಿನ ಅಚ್ಚಿಗೆ ಗಾರೆಯಂಥ ಪುಡಿ ಕಲಸಿ ಹೊಯ್ದರೆ ನಿಮ್ಮ ಹಲ್ಲಿನ ಪ್ರತಿ ಸಿಗುತ್ತದೆ. ಸವೆಸಿದ ಹಲ್ಲಿನ ಬುಡದಲ್ಲಿ ಕೆಂಪು ಪೆನ್ಸಿಲಿನಿಂದ ಸುತ್ತಲೂ ಒಂದು ಗೆರೆ ಎಳೆಯುತ್ತೇವೆ. ಕ್ಯಾಪ್ ನಿಲ್ಲುವುದು ಆ ಗೆರೆಯ ಮೇಲೆ. ಇಡೀ ಬ್ರಿಡ್ಜಿನ ಆಯುಷ್ಯ ಆ ಗೆರೆಯಲ್ಲಿದೆ.

ಅಚ್ಚು ತೆಗೆಯುವಾಗ ಅಲ್ಲಿ ರಕ್ತ ಬಂದಿದ್ದರೆ, ಎಂಜಲು ನಿಂತಿದ್ದರೆ, ಆ ಜಾಗ ಮಸುಕು. ಆಗ ಡಾಕ್ಟರಿಗೆ ಫೋನ್ ಮಾಡಿ ಇನ್ನೊಂದು ಅಳತೆ ಕಳಿಸಿ ಎನ್ನಬೇಕು. ಕೆಲವರು ಕಳಿಸುತ್ತಾರೆ. ಕೆಲವರು "ಅಡ್ಜಸ್ಟ್ ಮಾಡ್ರೀ" ಎನ್ನುತ್ತಾರೆ. ಅಡ್ಜಸ್ಟ್ ಎಂದರೆ ನಾವು ಅಂದಾಜಿನಲ್ಲಿ ಗೆರೆ ಎಳೆಯುವುದು. ಕಾರವಾರದ ಅಣ್ಣ ಹೇಳಿದ ಗುಳ್ಳೆ ಎಷ್ಟೋ ಸಲ ಹುಟ್ಟುವುದು ಇಲ್ಲೇ. ಡಾಕ್ಟರು ಎರಡನೇ ಸಲ ಅಳತೆ ತೆಗೆಯುತ್ತೇನೆ ಅಂದರೆ ಗೊಣಗಬೇಡಿ, ಒಳ್ಳೆಯ ಡಾಕ್ಟರು ಸಿಕ್ಕಿದ್ದಾರೆ ಎಂದು ತಿಳಿಯಿರಿ.

ಯಾವುದು ಒಳ್ಳೆಯದು ಎಂದು ಎಲ್ಲರೂ ಕೇಳುತ್ತಾರೆ. ಪಿಎಫ್‌ಎಂ ಒಳಗೆ ಲೋಹ, ಮೇಲೆ ಪಿಂಗಾಣಿ. ಅಗ್ಗ. ಮೇಲಿನ ಪಿಂಗಾಣಿ ಸಿಡಿಯಬಹುದು, ಒಸಡು ಇಳಿದರೆ ಅಂಚಿನಲ್ಲಿ ಕಪ್ಪು ಗೆರೆ ಕಾಣಬಹುದು. ಎಷ್ಟೋ ಕಡೆ ಆ ಲೋಹದಲ್ಲಿ ನಿಕಲ್ ಇರುತ್ತದೆ. ನಕಲಿ ಓಲೆ ಹಾಕಿದರೆ ಕಿವಿ ತುರಿಸುವವರು ಮೊದಲೇ ಹೇಳಿಬಿಡಿ. ಜಿರ್ಕೋನಿಯಾದಲ್ಲಿ ಲೋಹವಿಲ್ಲ. ಬಳಪದ ಹಾಗಿರುವ ಬಿಳಿ ಬಿಲ್ಲೆಯಿಂದ ಮಿಷನ್ ಅದನ್ನು ಕೊರೆಯುತ್ತದೆ, ಬೇಕಾದ್ದಕ್ಕಿಂತ ನೂರಕ್ಕೆ ಇಪ್ಪತ್ತು ಇಪ್ಪತ್ತೈದು ದೊಡ್ಡದಾಗಿ. ಆಮೇಲೆ 1,500 ಡಿಗ್ರಿ ಆಸುಪಾಸಿನ ಕುಲುಮೆಯಲ್ಲಿ ಬೇಯಿಸಿದರೆ ಕುಗ್ಗಿ ಸರಿ ಅಳತೆಗೆ ಬರುತ್ತದೆ. ನನಗೆ ಇವತ್ತಿಗೂ ಇದು ಜಾದೂ.

ಜೊತೆಗೆ ಹತ್ತು ವರ್ಷ, ಹದಿನೈದು ವರ್ಷ ಎಂದು ವಾರಂಟಿ ಕಾರ್ಡ್ ಕೊಡುತ್ತಾರಲ್ಲ, ಅದು ನಾವು ಮಾಡಿದ ಹಲ್ಲಿಗೆ. ಅಡಿಯಲ್ಲಿರುವ ನಿಮ್ಮ ಹಲ್ಲು ಹುಳುಕಾದರೆ ಆ ಕಾರ್ಡ್ ಲೆಕ್ಕಕ್ಕಿಲ್ಲ.

ತೋಟದಂಚು, ಶಿರಸಿ:

ತಿಂಗಳ ಮೇಲಾಯ್ತು, ವರದಿ ಒಪ್ಪಿಸುತ್ತೇನೆ.

ಡಾಕ್ಟರಮ್ಮ ಹೇಳಿದಂತೆ ಬೇರೆ ಒಬ್ಬರ ಹತ್ತಿರ ಹೋಗಿ, ಹಿಂದಿನ ಹಲ್ಲನ್ನು ಮೊದಲು ನೋಡಿ ಎಂದೆ. ಎಕ್ಸ್‌ರೇಯಲ್ಲಿ ಬೆಳ್ಳಿ ಫಿಲ್ಲಿಂಗಿನ ಅಡಿಗೆ ಕಪ್ಪು ಮೋಡ. ಫಿಲ್ಲಿಂಗ್ ತೆಗೆದರೆ ಹುಳುಕು ನರದ ಬಾಗಿಲಿಗೇ ಹೋಗಿತ್ತು. ಅದನ್ನು ನೋಡದೆ ಮೇಲೆ ಬ್ರಿಡ್ಜ್ ಕೂರಿಸಿದ್ದರೆ! ಎರಡು ಸಲ ಕರೆದು ರೂಟ್ ಕೆನಾಲ್ ಮಾಡಿದರು. ಹೇಗೂ ಅದಕ್ಕೆ ಕ್ಯಾಪ್ ಬೇಕೇ ಬೇಕು. ಬ್ರಿಡ್ಜ್ ಎಂದು ತೀರ್ಮಾನವಾಯ್ತು. ಮುಂದಿನ ಗಟ್ಟಿ ಹಲ್ಲಿನ ಬಗ್ಗೆ ನನಗೆ ಇನ್ನೂ ಬೇಸರವಿದೆ.

ಸವೆಸಿದ ದಿನ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರು, ನೋವಾಗಲಿಲ್ಲ. ಮುಗಿದ ಮೇಲೆ ಮೆಲ್ಲಗೆ ನಾಲಿಗೆ ತಾಗಿಸಿ ನೋಡಿದೆ. ನಲವತ್ತು ವರ್ಷ ಪರಿಚಯವಿದ್ದ ಹಲ್ಲು ಇದ್ದಲ್ಲಿ ಪುಟ್ಟ ಗೂಟ. ಪಾಪ ಅನ್ನಿಸಿತು, ನಮ್ಮದೇ ಹಲ್ಲಿಗೆ. ಆ ದಿನಕ್ಕೆ ಪ್ಲಾಸ್ಟಿಕ್ಕಿನ ತಾತ್ಕಾಲಿಕ ಬ್ರಿಡ್ಜ್ ಹಾಕಿದರು. ಐದನೇ ದಿನ ಹಲಸಿನ ಹಣ್ಣಿನ ಜೊತೆ ಕಿತ್ತು ಬಂತು. ತೊಳೆ ಎಂದು ನುಂಗುವುದರಲ್ಲಿದ್ದೆ. ಗೂಟಕ್ಕೆ ಗಾಳಿ ತಾಗಿದರೂ ಜುಮ್ ಎನ್ನುತ್ತಿತ್ತು. ಮಾರನೇ ದಿನ ಓಡಿಹೋಗಿ ಮತ್ತೆ ಅಂಟಿಸಿಕೊಂಡೆ.

ಕಾಯಂ ಬ್ರಿಡ್ಜ್ ಕೂರಿಸಿದಾಗ ನೀಲಿ ಕಾಗದ ಕಚ್ಚಿಸಿ ಕಚ್ಚಿಸಿ, ಎತ್ತರವಾದಲ್ಲಿ ಉಜ್ಜಿದರು. ಮನೆಗೆ ಬಂದರೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಎರಡು ದಿನ ಸಂಕೋಚಪಟ್ಟು ಸುಮ್ಮನಿದ್ದೆ, ಆಮೇಲೆ ಹೋದೆ. ಎರಡು ಸಲ ಗರ್ ಎನ್ನಿಸಿದರು, ಸರಿಹೋಯ್ತು. ಲೆಕ್ಕ: ಬ್ರಿಡ್ಜ್ 13,500, ರೂಟ್ ಕೆನಾಲ್ 3,500. ಒಟ್ಟು 17,000. ಬಸ್ಸಿನದ್ದು ಬೇರೆ.

ಅಡಿಗೆ ತೂರಿಸಲು ಸೂಪರ್‌ಫ್ಲಾಸ್ ಎಂಬ ದಾರ ಬರೆದುಕೊಟ್ಟಿದ್ದಾರೆ. ಒಂದು ತುದಿ ಗಟ್ಟಿ, ಸೂಜಿಯ ಹಾಗೆ. ನಡುವೆ ಹತ್ತಿಯಂತೆ ಉಬ್ಬಿದೆ. ಮೊದಲ ರಾತ್ರಿ ಹತ್ತು ನಿಮಿಷ ಹಿಡಿಯಿತು, ಮಗಳು ಟಾರ್ಚು ಹಿಡಿದಳು. ಈಗ ಎರಡು ನಿಮಿಷ.

ಅಂಕೋಲೆ ಅಕ್ಕ:

ಎಲ್ಲ ಸರಿ ತಮ್ಮಾ, ಕವಳ?

ತೋಟದಂಚು, ಶಿರಸಿ:

ಕೇಳುತ್ತೀರೆಂದು ಗೊತ್ತಿತ್ತು ಅಕ್ಕಾ. ಕೆನ್ನೆಯಲ್ಲಿ ಬಿಗಿತ ಶುರುವಾಗಿದೆಯಂತೆ. ಬಟ್ಟಲು ಜಗುಲಿಯಲ್ಲೇ ಇದೆ, ಬಂದವರಿಗೆ. ನನಗೆ ಲವಂಗ. ಎರಡು ದಿನ ತಪ್ಪಿದೆ, ಒಂದು ಮದುವೆ ಮನೆ, ಒಂದು ತಾಳಮದ್ದಳೆ.

ಹಲ್ಲಿನ ಡಾಕ್ಟರಮ್ಮ, ಕುಮಟಾ:

ತಾಳಮದ್ದಳೆಗೆ ಲವಂಗ ಜೇಬಲ್ಲಿ ಇಟ್ಟುಕೊಂಡು ಹೋಗಿ. ತಿಂಗಳಿಗೊಮ್ಮೆ ಮೂರು ಬೆರಳಿನ ಪರೀಕ್ಷೆ, ಆರು ತಿಂಗಳಿಗೊಮ್ಮೆ ಡಾಕ್ಟರ ಕುರ್ಚಿ. ಕೊನೆಗೌಡ ಬರುವ ದಿನ ಬಿಟ್ಟು.

ಹೊನ್ನಾವರ ಮೇಷ್ಟ್ರು:

ಕಾರವಾರದವರು ಬರೆದದ್ದು ತಲೆಯಲ್ಲಿ ಕೊರೆಯುತ್ತಿತ್ತು. ನಿನ್ನೆ ರಾತ್ರಿ ಕನ್ನಡಿ ಮುಂದೆ ನಿಂತು ಬೆರಳಿನಿಂದ ಬ್ರಿಡ್ಜ್ ಒತ್ತಿ ಬಿಟ್ಟು ಮಾಡಿದೆ. ಹಿಂದಿನ ಹಲ್ಲಿನ ಬುಡದಲ್ಲಿ ಒಂದು ಗುಳ್ಳೆ ಬಂತು. ಒರೆಸಿ ಮತ್ತೆ ಒತ್ತಿದೆ. ಮತ್ತೆ ಬಂತು. ಸೋಮವಾರಕ್ಕೆ ಹೆಸರು ಬರೆಸಿದ್ದೇನೆ.